ಕತ್ತೆ ಮಾರಬಾರದು, ಪೆಟ್ರೋಲು ಮಾರಬಹುದು: ರಾಷ್ಟ್ರಸಂಘ ಸೋತ ಕತೆ

1925ರ ಅಕ್ಟೋಬರ್. ಗ್ರೀಸ್ ಮತ್ತು ಬಲ್ಗೇರಿಯಾ ಗಡಿಯಲ್ಲಿ ಗುಂಡು ಹಾರಿತು, ಗ್ರೀಕ್ ಸೈನಿಕನೊಬ್ಬ ಸತ್ತ. ಓಡಿಹೋದ ತನ್ನ ನಾಯಿಯನ್ನು ಹಿಡಿಯಲು ಅವನು ಗಡಿ ದಾಟಿದ್ದ ಅನ್ನೋದು ಜನ ಹೇಳುವ ಕತೆ. ನಾಯಿ ಇತ್ತೋ ಇಲ್ಲವೋ, ಗ್ರೀಸ್ ಸೇನೆಯಂತೂ ಬಲ್ಗೇರಿಯಾದ ಒಳಗೆ ನುಗ್ಗಿತು. ಬಲ್ಗೇರಿಯಾ ಜಿನೀವಾಕ್ಕೆ ದೂರು ಕೊಟ್ಟಿತು. ಅಲ್ಲಿ ರಾಷ್ಟ್ರಸಂಘ ಇತ್ತು. ಲೀಗ್ ಆಫ್ ನೇಷನ್ಸ್ ಅಂತಾರಲ್ಲ, ಅದೇ. ಈಗಿನ ವಿಶ್ವಸಂಸ್ಥೆಗೆ ಅಣ್ಣನಿದ್ದ ಹಾಗೆ. ಅದು ಕೂಡಲೇ ಸಭೆ ಸೇರಿ, ಗುಂಡು ನಿಲ್ಲಿಸಿ, ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಿ ಎಂದಿತು. ಗ್ರೀಸ್ ಮಾತು ಕೇಳಿತು. ವಿಚಾರಣೆ ಮುಗಿದ ಮೇಲೆ 45,000 ಪೌಂಡ್ ಪರಿಹಾರವನ್ನೂ ಕಟ್ಟಿತು.

ಚೆನ್ನಾಗಿಯೇ ನಡೆಯಿತು, ಅಲ್ವಾ? ಈಗ ಎರಡು ವರ್ಷ ಹಿಂದಕ್ಕೆ ಹೋಗೋಣ.

1923ರ ಆಗಸ್ಟ್‌ನಲ್ಲಿ ಗ್ರೀಸ್–ಅಲ್ಬೇನಿಯಾ ಗಡಿ ಗುರುತಿಸಲು ಹೋಗಿದ್ದ ಇಟಲಿಯ ಜನರಲ್ ಟೆಲ್ಲಿನಿ ಮತ್ತು ಅವನ ಸಂಗಡಿಗರ ಕೊಲೆಯಾಯಿತು. ಕೊಂದವರು ಯಾರೆಂದು ಪತ್ತೆಯಾಗಲಿಲ್ಲ. ಮುಸೊಲಿನಿ ಇಟಲಿಯ ಪ್ರಧಾನಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗ್ರೀಸ್ 5 ಕೋಟಿ ಲಿರಾ ಕೊಡಬೇಕು ಎಂದು ಪಟ್ಟುಹಿಡಿದ. ನಾಲ್ಕು ದಿನದೊಳಗೆ ಅವನ ಯುದ್ಧನೌಕೆಗಳು ಗ್ರೀಸಿನ ಕಾರ್ಫು ದ್ವೀಪದ ಮೇಲೆ ಗುಂಡು ಸುರಿಸಿದವು. ಅಲ್ಲಿನ ಹಳೇ ಕೋಟೆಯಲ್ಲಿ ಆಶ್ರಯ ಪಡೆದಿದ್ದ ನಿರಾಶ್ರಿತರು ಸತ್ತರು. ಗ್ರೀಸ್ ರಾಷ್ಟ್ರಸಂಘದ ಬಾಗಿಲು ತಟ್ಟಿತು. ಇದು ನಿಮಗೆ ಸಂಬಂಧಪಟ್ಟ ವಿಷಯವೇ ಅಲ್ಲ, ಜಾಸ್ತಿ ಮಾತಾಡಿದರೆ ಸಂಘವನ್ನೇ ಬಿಡುತ್ತೇನೆ ಎಂದ ಮುಸೊಲಿನಿ. ವಿಷಯ ಮೆಲ್ಲಗೆ ಇನ್ನೊಂದು ಸಮಿತಿಗೆ ಜಾರಿತು. ಅದರಲ್ಲಿ ಇಟಲಿಯೂ ಕೂತಿತ್ತು! ಕೊನೆಗೆ 5 ಕೋಟಿ ಲಿರಾ ಕಟ್ಟಿದ್ದು ಗ್ರೀಸ್. ಏಟು ತಿಂದವರೇ ದಂಡವನ್ನೂ ತೆತ್ತರು.

ಎರಡೂ ಸಲ ದುಡ್ಡು ಬಿಚ್ಚಿದ್ದು ಗ್ರೀಸೇ. ಒಮ್ಮೆ ಹೊಡೆದದ್ದಕ್ಕೆ, ಒಮ್ಮೆ ಹೊಡೆಸಿಕೊಂಡದ್ದಕ್ಕೆ.

ಶಾಲೆಯಲ್ಲಿ ನಾವೆಲ್ಲ ಎರಡು ಅಂಕದ ಉತ್ತರ ಬರೆದಿದ್ದೇವೆ: "ರಾಷ್ಟ್ರಸಂಘಕ್ಕೆ ಸ್ವಂತ ಸೇನೆ ಇರಲಿಲ್ಲ, ಆದ್ದರಿಂದ ಅದು ವಿಫಲವಾಯಿತು." ತಪ್ಪೇನಿಲ್ಲ. ಆದರೆ 1925ರಲ್ಲೂ ಅದಕ್ಕೆ ಸೇನೆ ಇರಲಿಲ್ಲ, ಆದರೂ ಗ್ರೀಸ್ ಹಿಂದೆ ಸರಿಯಿತು. ಹಾಗಾದರೆ ಸೇನೆಯ ಕೊರತೆಯೊಂದೇ ಕಾರಣವಾಗಿರಲಾರದು. ನನಗನ್ನಿಸುವುದು, ತಡೆಯುವ ದಾರಿ ಕೈಯಲ್ಲೇ ಇತ್ತು, ಆ ದಾರಿ ಹಿಡಿಯಬೇಕಾದವರಿಗೆ ಅದು ಬೇಕಿರಲಿಲ್ಲ. 1935ರಲ್ಲಿ ಆಫ್ರಿಕಾದ ಅಬಿಸೀನಿಯಾ ದೇಶದ ಮೇಲೆ ಇಟಲಿ ದಾಳಿ ಮಾಡಿದ ಪ್ರಕರಣದಲ್ಲಿ ಇದು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ಬೇಲಿ ಹಾಕಿದವರು ಯಾರು?

ರಾಷ್ಟ್ರಸಂಘದ ನಿಯಮಗಳು ಮೊದಲ ಮಹಾಯುದ್ಧ ಮುಗಿಸಿದ ವರ್ಸೇಲ್ಸ್ ಒಪ್ಪಂದದ ಒಳಗೇ ಇದ್ದವು. 1920ರ ಜನವರಿ 10ರಂದು ಜಾರಿಗೆ ಬಂದವು. ಓದಿದರೆ ಸಾಕಷ್ಟು ಗಟ್ಟಿಯಾಗಿಯೇ ಇವೆ. ಸದಸ್ಯ ದೇಶಗಳ ನೆಲವನ್ನು ಹೊರಗಿನ ದಾಳಿಯಿಂದ ಕಾಪಾಡಬೇಕು ಎನ್ನುತ್ತದೆ 10ನೇ ವಿಧಿ. 16ನೇ ವಿಧಿ ಇನ್ನೂ ಖಾರ. ನಿಯಮ ಮುರಿದು ಯುದ್ಧಕ್ಕೆ ಹೋದ ದೇಶ ಎಲ್ಲ ಸದಸ್ಯರ ಮೇಲೂ ಯುದ್ಧ ಹೂಡಿದ ಹಾಗೆ. ಎಲ್ಲರೂ ಅದರ ಜೊತೆ ವ್ಯಾಪಾರ, ಸಾಲ, ಹಣಕಾಸು ಎಲ್ಲವನ್ನೂ ಕಡಿದುಕೊಳ್ಳಬೇಕು. ಒಬ್ಬ ತಪ್ಪು ಮಾಡಿದರೆ ಊರಿನ ಅಂಗಡಿಗಳೆಲ್ಲ ಅವನಿಗೆ ಬಾಗಿಲು ಹಾಕಿದ ಹಾಗೆ.

ಆದರೆ ಊರಿನ ದೊಡ್ಡ ಅಂಗಡಿಯೇ ಸಂಘದಲ್ಲಿ ಇರಲಿಲ್ಲ. ಸಂಘದ ಕನಸು ಕಂಡ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ತನ್ನ ಸೆನೆಟ್ ಅನ್ನೇ ಒಪ್ಪಿಸಲು ಆಗಲಿಲ್ಲ. ಅಮೆರಿಕ ಕೊನೆಯವರೆಗೂ ಸೇರಲಿಲ್ಲ. ಜರ್ಮನಿ ಸೇರಿದ್ದು 1926ರಲ್ಲಿ, ಬಿಟ್ಟದ್ದು 1933ರಲ್ಲಿ. ಸೋವಿಯತ್ ಒಕ್ಕೂಟ ಬಂದದ್ದು 1934ರಲ್ಲಿ. ಮುಖ್ಯ ತೀರ್ಮಾನಗಳಿಗೆ ಎಲ್ಲರ ಒಪ್ಪಿಗೆ ಬೇಕಿತ್ತು. ಒಬ್ಬ ಬೇಡ ಅಂದರೂ ಕೆಲಸ ನಿಂತಿತು.

ಇನ್ನೊಂದು ತಮಾಷೆ: ಭಾರತವೂ ಇದರ ಸ್ಥಾಪಕ ಸದಸ್ಯ. ಆಳುತ್ತಿದ್ದವರು ಬ್ರಿಟಿಷರು, ಸಹಿ ಮಾತ್ರ ನಮ್ಮ ಹೆಸರಲ್ಲಿ. ಎಲ್ಲ ದೇಶಗಳ ನೆಲವನ್ನೂ ಕಾಪಾಡುತ್ತೇವೆ ಎಂದವರಲ್ಲಿ ಅನೇಕರು ಬೇರೆಯವರ ನೆಲದ ಮೇಲೆ ಕೂತಿದ್ದರು. ಇದನ್ನು ಮರೆತು ಈ ಕತೆ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ.

ಸಂಘದ ಮಂಡಳಿಯಲ್ಲಿ ಮೊದಲಿಗೆ ಕಾಯಂ ಸ್ಥಾನ ಇದ್ದದ್ದು ನಾಲ್ವರಿಗೆ: ಬ್ರಿಟನ್, ಫ್ರಾನ್ಸ್, ಇಟಲಿ, ಜಪಾನ್. ಮುಂದೆ ಎದ್ದು ಹೊಲ ಮೇಯ್ದ ಬೇಲಿ ಇದೇ.

ಜನ ಸರ್ವಾಧಿಕಾರಿಗಳನ್ನು ಯಾಕೆ ನಂಬಿದರು?

ಇಟಲಿ ಯುದ್ಧ ಗೆದ್ದ ಕಡೆಯಲ್ಲಿತ್ತು. ಆದರೂ ಕೊಡುತ್ತೇವೆ ಎಂದಿದ್ದ ಜಾಗವೆಲ್ಲ ಸಿಗಲಿಲ್ಲ ಎಂಬ ಸಿಟ್ಟು. ಒಳಗೆ ಮುಷ್ಕರಗಳು. ರಷ್ಯಾದ ಹಾಗೆ ಇಲ್ಲೂ ಕ್ರಾಂತಿಯಾದರೆ ಎಂದು ಜಮೀನುದಾರರಿಗೆ, ಕಾರ್ಖಾನೆ ಮಾಲೀಕರಿಗೆ ದಿಗಿಲು. ಕಪ್ಪಂಗಿ ತೊಟ್ಟ ಮುಸೊಲಿನಿಯ ಹುಡುಗರು ದೊಣ್ಣೆ ಹಿಡಿದು ಬೀದಿಗಿಳಿದಾಗ ಇವರು ಸುಮ್ನೆ ನೋಡುತ್ತಾ ನಿಂತರು. ಕೆಲವರು ಹಣವನ್ನೂ ಕೊಟ್ಟರು. 1922ರ ಅಕ್ಟೋಬರ್‌ನಲ್ಲಿ ಆ ದಂಡು ರೋಮ್ ಕಡೆ ಹೊರಟಿತು. ರಾಜ ಅದನ್ನು ತಡೆಯುವ ಬದಲು ಮುಸೊಲಿನಿಯನ್ನೇ ಪ್ರಧಾನಿ ಮಾಡಿದ. ಮುಸೊಲಿನಿ ನಡೆದು ಬರಲೂ ಇಲ್ಲ, ಮಿಲಾನ್‌ನಿಂದ ರಾತ್ರಿ ರೈಲಿನಲ್ಲಿ ಬಂದ.

ಜರ್ಮನಿಯ ಕತೆಯಲ್ಲಿ ದುಡ್ಡಿನದೇ ದೊಡ್ಡ ಪಾತ್ರ. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕ್ ಆಯಿತು. ಜೀವಮಾನದ ಉಳಿತಾಯದಲ್ಲಿ ಒಂದು ಬ್ರೆಡ್ಡೂ ಬರದ ಸ್ಥಿತಿ. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ 1929ರ ಅಮೆರಿಕದ ಷೇರುಪೇಟೆ ಕುಸಿತ ಬಂತು. ಹಿಟ್ಲರನ ಪಕ್ಷಕ್ಕೆ 1928ರಲ್ಲಿ ಬಿದ್ದದ್ದು ಶೇ 2.6ರಷ್ಟು ಮತ. ಆಗ ಅವನು ನಗೆಪಾಟಲು. 1930ರಲ್ಲಿ ಶೇ 18.3. 1932ರ ಜುಲೈನಲ್ಲಿ, ಹೆಚ್ಚುಕಡಿಮೆ 60 ಲಕ್ಷ ಜನ ಕೆಲಸವಿಲ್ಲದೆ ಕೂತಿದ್ದಾಗ, ಶೇ 37.3. ಗಮನಿಸಿ, ಮುಕ್ತ ಚುನಾವಣೆಯಲ್ಲಿ ಅವನಿಗೆ ಬಹುಮತ ಯಾವತ್ತೂ ಸಿಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಇಳಿದೂ ಇತ್ತು. ಇವನನ್ನು ನಮ್ಮ ಅಂಕೆಯಲ್ಲಿ ಇಟ್ಟುಕೊಳ್ಳಬಹುದು ಎಂದುಕೊಂಡ ಹಳೇ ರಾಜಕಾರಣಿಗಳು 1933ರ ಜನವರಿ 30ರಂದು ಅವನನ್ನು ಚಾನ್ಸಲರ್ (ಅಲ್ಲಿನ ಪ್ರಧಾನಿ) ಮಾಡಿಸಿದರು. ಎರಡು ತಿಂಗಳೊಳಗೆ ಸಂಸತ್ತು ತನ್ನ ಅಧಿಕಾರವನ್ನು ತಾನೇ ಅವನಿಗೆ ಬರೆದುಕೊಟ್ಟಿತು.

ಜಪಾನಿನಲ್ಲಿ ಒಬ್ಬನೇ ಸರ್ವಾಧಿಕಾರಿ ಅಂತ ಇರಲಿಲ್ಲ. ಅಲ್ಲಿ ಮೇಲುಗೈ ಪಡೆದದ್ದು ಸೇನೆ. ರೇಷ್ಮೆಯೇ ಆ ದೇಶದ ದೊಡ್ಡ ರಫ್ತು, ಅಮೆರಿಕವೇ ದೊಡ್ಡ ಗಿರಾಕಿ. ಅಲ್ಲಿ ಕೊಳ್ಳುವವರು ಇಲ್ಲದಾದಾಗ ಇಲ್ಲಿ ಗೂಡು ಬೆಳೆಯುವ ರೈತ ಮುಳುಗಿದ. ರೇಷ್ಮೆ ಬೆಲೆ ಬಿದ್ದರೆ ಮನೆಯಲ್ಲಿ ಏನಾಗುತ್ತದೆ ಅನ್ನೋದನ್ನು ರಾಮನಗರ, ಶಿಡ್ಲಘಟ್ಟ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳ್ಳಿಯಿಂದ ಬಂದ ಸೈನಿಕರಿಗೆ ಈ ಕಷ್ಟ ಗೊತ್ತಿತ್ತು. ಪಕ್ಕದ ಚೀನಾದ ಮಂಚೂರಿಯಾದಲ್ಲಿ ಕಲ್ಲಿದ್ದಲು, ಕಬ್ಬಿಣ, ವಿಶಾಲವಾದ ನೆಲ ಎಲ್ಲ ಇದೆಯಲ್ಲ ಎಂಬ ಮಾತು ಅವರಿಗೆ ಸಲೀಸಾಗಿ ಇಳಿಯಿತು.

ಕೊಳ್ಳೆ ಹೊಡೆದ ಮೇಲೆ ಬಂದ ವರದಿ

1931ರ ಸೆಪ್ಟೆಂಬರ್ 18ರ ರಾತ್ರಿ ಮಂಚೂರಿಯಾದ ಮುಕ್ದೆನ್ ಹತ್ತಿರ ಜಪಾನಿನ ರೈಲು ಹಳಿಯ ಮೇಲೆ ಸ್ಫೋಟವಾಯಿತು. ಸ್ಫೋಟ ಎಷ್ಟು ಸಣ್ಣದೆಂದರೆ, ಸ್ವಲ್ಪ ಹೊತ್ತಿಗೆ ಒಂದು ರೈಲು ಅದೇ ಹಳಿಯ ಮೇಲೆ ದಾಟಿಹೋಯಿತು. ಇಟ್ಟವರು ಜಪಾನಿ ಸೇನಾಧಿಕಾರಿಗಳೇ. ಚೀನೀಯರು ಮಾಡಿದ್ದು ಎಂದು ಹೇಳಿ ಸೇನೆ ಮಂಚೂರಿಯಾವನ್ನು ನುಂಗತೊಡಗಿತು. ಟೋಕಿಯೋದ ಸರ್ಕಾರಕ್ಕೂ ಅದನ್ನು ಹಿಡಿದು ನಿಲ್ಲಿಸಲಾಗಲಿಲ್ಲ.

ಚೀನಾ ದೂರು ಕೊಟ್ಟಿತು. ರಾಷ್ಟ್ರಸಂಘ ಲಾರ್ಡ್ ಲಿಟ್ಟನ್ ಮುಂದಾಳತ್ವದಲ್ಲಿ ಒಂದು ಆಯೋಗ ಕಳಿಸಿತು. ಅದರ ವರದಿ ಹೊರಬಿದ್ದದ್ದು 1932ರ ಅಕ್ಟೋಬರ್‌ನಲ್ಲಿ, ದಾಳಿಯಾಗಿ ಒಂದು ವರ್ಷದ ಮೇಲೆ. ಅಷ್ಟರಲ್ಲಿ ಜಪಾನ್ ಅಲ್ಲಿ ಮಂಚುಕುವೊ ಎಂಬ ಬೊಂಬೆ ದೇಶ ಕಟ್ಟಿ, ಚೀನಾದ ಕೊನೆಯ ಚಕ್ರವರ್ತಿಯಾಗಿದ್ದ ಪುಯಿಯನ್ನು ತಂದು ಕೂರಿಸಿಯೂ ಆಗಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. 1933ರ ಫೆಬ್ರುವರಿ 24ರಂದು ವರದಿಗೆ ಮತ ಹಾಕಿದರು. ಪರ 42, ವಿರೋಧ 1. ಆ ಒಂದು ಮತ ಜಪಾನಿನದು. ಅದರ ಪ್ರತಿನಿಧಿ ಮತ್ಸುಓಕಾ ಎದ್ದು ಹೊರಗೆ ನಡೆದ. ನಿರ್ಬಂಧದ ಮಾತು ಮುಂದೆ ಹೋಗಲೇ ಇಲ್ಲ.

ಬ್ರಿಟನ್ನಿನ ಪರವಾಗಿ ಒಂದು ಮಾತು ಹೇಳಬೇಕು. ಮಂಚೂರಿಯಾ ನಿಜಕ್ಕೂ ದೂರ. ಸಮೀಪದ ದೊಡ್ಡ ಶಕ್ತಿಗಳಾದ ಅಮೆರಿಕ, ರಷ್ಯಾ ಎರಡೂ ಆಗ ಸಂಘದ ಹೊರಗೆ. ಕೈಲಾಗಲಿಲ್ಲ ಎಂಬ ನೆಪದಲ್ಲಿ ಸ್ವಲ್ಪ ಸತ್ಯ ಇತ್ತು. ಆದರೆ ಅಬಿಸೀನಿಯಾ ವಿಷಯದಲ್ಲಿ ಈ ನೆಪವೂ ಇರಲಿಲ್ಲ.

ಅಬಿಸೀನಿಯಾ

ಇಂದಿನ ಇಥಿಯೋಪಿಯಾವೇ ಅಬಿಸೀನಿಯಾ. ಆಫ್ರಿಕಾದಲ್ಲಿ ಯುರೋಪಿಯನ್ನರ ಕೈಗೆ ಸಿಗದೆ ಉಳಿದಿದ್ದ ಬೆರಳೆಣಿಕೆಯ ದೇಶಗಳಲ್ಲಿ ಒಂದು. 1896ರಲ್ಲಿ ಅಡ್ವಾ ಎಂಬಲ್ಲಿ ಇಟಲಿಯ ಸೇನೆಯನ್ನು ಸೋಲಿಸಿ ಓಡಿಸಿತ್ತು. ಆ ಅವಮಾನ ಇಟಲಿಗೆ ಮರೆತಿರಲಿಲ್ಲ. 1923ರಿಂದ ಅಬಿಸೀನಿಯಾ ರಾಷ್ಟ್ರಸಂಘದ ಸದಸ್ಯ ದೇಶ. 10ನೇ ವಿಧಿಯ ರಕ್ಷಣೆ ಅದಕ್ಕೂ ಇತ್ತು.

1934ರ ಡಿಸೆಂಬರ್‌ನಲ್ಲಿ ವಲ್ವಲ್ ಎಂಬ ನೀರಿನ ತಾಣದಲ್ಲಿ ಚಕಮಕಿಯಾಯಿತು. ಮುಸೊಲಿನಿಗೆ ನೆಪ ಸಿಕ್ಕಿತು. ಅಲ್ಲಿಂದ ಹತ್ತು ತಿಂಗಳು ಅವನು ಬಹಿರಂಗವಾಗಿಯೇ ಸೈನಿಕರನ್ನು ಹಡಗಿಗೆ ತುಂಬಿ ಕಳಿಸಿದ. ಯಾವ ಗುಟ್ಟೂ ಇರಲಿಲ್ಲ. ಆ ಹಡಗುಗಳು ಹೋದದ್ದು ಸೂಯೆಜ್ ಕಾಲುವೆಯ ಮೂಲಕ. ಕಾಲುವೆಯ ಕಂಪನಿ ಬ್ರಿಟನ್ ಮತ್ತು ಫ್ರಾನ್ಸಿನವರದ್ದು, ಕಾವಲಿಗೆ ಬ್ರಿಟಿಷ್ ಸೇನೆ. ಹಡಗುಗಳು ಸುಂಕ ಕಟ್ಟಿದವು, ದಾಟಿದವು.

ಇದೇ ಸಮಯದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಕಡೆಯವರಿಗೆ ಆಯುಧ ಮಾರುವುದನ್ನು ನಿಲ್ಲಿಸಿದವು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇಟಲಿ ತನ್ನ ಬಂದೂಕು, ವಿಮಾನ ತಾನೇ ಮಾಡಿಕೊಳ್ಳುತ್ತಿತ್ತು. ಅಬಿಸೀನಿಯಾ ಹೊರಗಿನಿಂದ ಕೊಳ್ಳಬೇಕಿತ್ತು. ಕಟ್ಟಿದ್ದು ಒಬ್ಬರ ಕೈ ಮಾತ್ರ.

1935ರ ಅಕ್ಟೋಬರ್ 3ರಂದು ಯುದ್ಧ ಸಾರದೆಯೇ ಇಟಲಿ ಒಳನುಗ್ಗಿತು. ಈ ಸಲ ರಾಷ್ಟ್ರಸಂಘ ತಡಮಾಡಲಿಲ್ಲ. ನಾಲ್ಕೇ ದಿನದಲ್ಲಿ ಇಟಲಿ ನಿಯಮ ಮುರಿದಿದೆ ಎಂದು ಮಂಡಳಿ ತೀರ್ಮಾನಿಸಿತು. 50 ದೇಶಗಳು ಒಪ್ಪಿದವು. ಒಂದು ದೊಡ್ಡ ರಾಷ್ಟ್ರದ ಮೇಲೆ ಸಂಘ ನಿರ್ಬಂಧ ಹೇರಿದ್ದು ಇದೇ ಮೊದಲು. ನವೆಂಬರ್ 18ರಿಂದ ಜಾರಿ.

ಪಟ್ಟಿ ನೋಡಿ. ಇಟಲಿಗೆ ಆಯುಧ ಮಾರಬಾರದು. ಸಾಲ ಕೊಡಬಾರದು. ಅದರ ಸರಕು ಕೊಳ್ಳಬಾರದು. ರಬ್ಬರ್, ತವರ, ನಿಕಲ್ ಮಾರಬಾರದು. ಅಲ್ಯೂಮಿನಿಯಂ ಮಾರಬಾರದು, ಅದಂತೂ ಇಟಲಿಯಲ್ಲೇ ಬೇಕಾದಷ್ಟಿತ್ತು. ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಮಾರಬಾರದು.

ಕಲ್ಲಿದ್ದಲು, ಉಕ್ಕು, ಪೆಟ್ರೋಲು ಮಾರಬಹುದು.

ಮುಸೊಲಿನಿಯ ಯುದ್ಧ ನಡೆಯುತ್ತಿದ್ದದ್ದು ಲಾರಿ, ಟ್ಯಾಂಕು, ವಿಮಾನಗಳ ಮೇಲೆ. ಇಟಲಿಯಲ್ಲಿ ತೈಲ ಇಲ್ಲವೇ ಇಲ್ಲ ಅನ್ನಬಹುದು. ಗುಡ್ಡಗಾಡಿನಲ್ಲಿ ಪೆಟ್ರೋಲು ನಿಂತರೆ ಆ ಸೇನೆ ನಿಂತಲ್ಲೇ ನಿಲ್ಲಬೇಕು. ಇದು ಜಿನೀವಾದಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಪಟ್ಟಿಗೆ ಸೇರಲಿಲ್ಲ! ಪೆಟ್ರೋಲು ನಿಲ್ಲಿಸಿದರೆ ಯುದ್ಧವೆಂದೇ ತಿಳಿಯುತ್ತೇನೆ ಎಂದು ಮುಸೊಲಿನಿ ಬೆದರಿಸಿದ್ದ. ನಾವು ಬಿಟ್ಟರೆ ಅಮೆರಿಕದವರು ಮಾರುತ್ತಾರೆ ಎಂಬ ನೆಪವೂ ಇತ್ತು. ಅದು ಪೂರ್ತಿ ಸುಳ್ಳಲ್ಲ. ಅಮೆರಿಕ ಸರ್ಕಾರ ಮಾರಬೇಡಿ ಎಂದು ಬುದ್ಧಿ ಹೇಳಿತು, ಅಲ್ಲಿನ ಕಂಪನಿಗಳು ಜಾಸ್ತಿಯೇ ಮಾರಿದವು. ತೈಲದ ಚರ್ಚೆಯನ್ನು ಮುಂದಕ್ಕೆ ಹಾಕುತ್ತಾ ಹೋದರು. ಸೂಯೆಜ್ ಮುಚ್ಚುವುದಕ್ಕೆ 1888ರ ಒಪ್ಪಂದ ಅಡ್ಡಿ ಎಂದರು. ಯುದ್ಧವಿರಲಿ ಶಾಂತಿಯಿರಲಿ, ಎಲ್ಲ ದೇಶದ ಹಡಗಿಗೂ ಕಾಲುವೆ ತೆರೆದಿರಬೇಕು ಎಂದಿತ್ತು ಅದರಲ್ಲಿ.

ಇಷ್ಟು ಹಿಂಜರಿಕೆ ಯಾಕೆ? ಕಾರಣ ಹಿಟ್ಲರ್. 1934ರ ಜುಲೈನಲ್ಲಿ ಆಸ್ಟ್ರಿಯಾದ ಚಾನ್ಸಲರ್ ಡಾಲ್‌ಫಸ್‌ನನ್ನು ನಾಜಿಗಳು ಕೊಂದಾಗ, ಗಡಿಗೆ ಸೇನೆ ಕಳಿಸಿ ಹಿಟ್ಲರನನ್ನು ಬೆದರಿಸಿದ್ದು ಇದೇ ಮುಸೊಲಿನಿ. 1935ರ ಏಪ್ರಿಲ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಮೂವರೂ ಸ್ಟ್ರೆಸಾದಲ್ಲಿ ಕೂತು ಜರ್ಮನಿಯ ವಿರುದ್ಧ ಒಟ್ಟಾಗಿ ನಿಲ್ಲುವ ಮಾತಾಡಿದ್ದರು. ಈಗ ಇವನನ್ನು ನೂಕಿದರೆ ಅವನ ತೆಕ್ಕೆಗೆ ಬೀಳುತ್ತಾನೆ ಎಂಬ ಭಯ. ಭಯ ಸುಳ್ಳಾಗಿರಲಿಲ್ಲ. ಆದರೆ ಆಗ ಅವರ ಮುಂದೆ ಎರಡೇ ದಾರಿ ಇದ್ದವು. ಅಬಿಸೀನಿಯಾವನ್ನು ಕೈಬಿಟ್ಟು ಮುಸೊಲಿನಿಯನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಅವನನ್ನು ನಿಜಕ್ಕೂ ತಡೆಯಬೇಕು. ಅವರು ಎರಡರ ನಡುವೆ ನಿಂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬ್ರಿಟನ್ನಿನಲ್ಲಿ ಜನರ ಮನಸ್ಸು ಬೇರೆಯೇ ಇತ್ತು. ಅದೇ ವರ್ಷ ನಡೆದ ಖಾಸಗಿ ಜನಮತಗಣನೆಯಲ್ಲಿ 1 ಕೋಟಿ 15 ಲಕ್ಷ ಜನ ಭಾಗವಹಿಸಿದ್ದರು. ದಾಳಿಕೋರ ದೇಶವನ್ನು ಆರ್ಥಿಕ ನಿರ್ಬಂಧದಿಂದ ತಡೆಯಬೇಕು ಎಂದವರು 1 ಕೋಟಿಗೂ ಮೇಲೆ. ನವೆಂಬರ್ ಚುನಾವಣೆಯನ್ನು ಸರ್ಕಾರ ಗೆದ್ದದ್ದೂ ರಾಷ್ಟ್ರಸಂಘದ ಬೆನ್ನಿಗೆ ನಿಲ್ಲುತ್ತೇವೆ ಎಂದೇ. ಗೆದ್ದು ತಿಂಗಳಾಗುವಷ್ಟರಲ್ಲಿ ವಿದೇಶಾಂಗ ಸಚಿವ ಸ್ಯಾಮ್ಯುಯೆಲ್ ಹೋರ್, ಫ್ರಾನ್ಸಿನ ಪ್ರಧಾನಿ ಲಾವಾಲ್ ಜೊತೆ ಗುಟ್ಟಾಗಿ ಒಂದು ಯೋಜನೆ ಮಾಡಿದ. ಅಬಿಸೀನಿಯಾದ ಬಹುಪಾಲು ನೆಲ ಇಟಲಿಯ ಕೈಗೆ ಅಥವಾ ಹಿಡಿತಕ್ಕೆ. ಬದಲಿಗೆ ಅಬಿಸೀನಿಯಾಕ್ಕೆ ಸಮುದ್ರಕ್ಕೆ ಹೋಗಲು ಕಿರಿದಾದ ದಾರಿ. ಲಂಡನ್‌ನ ಪತ್ರಿಕೆಯೊಂದು ಅದನ್ನು ಒಂಟೆಗಳ ಓಣಿ ಎಂದು ಅಣಕಿಸಿತು. ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಗುಟ್ಟು ರಟ್ಟಾಯಿತು, ಜನ ರೊಚ್ಚಿಗೆದ್ದರು, ಹೋರ್ ರಾಜೀನಾಮೆ ಕೊಟ್ಟ. ಆದರೆ ಮುಸೊಲಿನಿಗೆ ತಿಳಿಯಬೇಕಾದದ್ದು ತಿಳಿದಿತ್ತು.

ಇನ್ನೂ ಒಂದು ಅಡ್ಡಪರಿಣಾಮ. ಅರೆಬರೆ ನಿರ್ಬಂಧ ಇಟಲಿಯ ಜನರನ್ನು ಹಸಿವಿಗೂ ತಳ್ಳಲಿಲ್ಲ, ಸೇನೆಯನ್ನೂ ನಿಲ್ಲಿಸಲಿಲ್ಲ. ಅವರ ಸ್ವಾಭಿಮಾನವನ್ನು ಮಾತ್ರ ಕೆಣಕಿತು. ಡಿಸೆಂಬರ್ 18ರಂದು ಇಟಲಿಯ ಹೆಂಗಸರು ಸಾಲುಗಟ್ಟಿ ನಿಂತು ಮದುವೆಯ ಚಿನ್ನದ ಉಂಗುರಗಳನ್ನು ದೇಶಕ್ಕೆ ಕೊಟ್ಟರು. ರಾಣಿಯೂ ಕೊಟ್ಟಳು. ಅದುವರೆಗೆ ಈ ಯುದ್ಧ ನಮಗ್ಯಾಕೆ ಎನ್ನುತ್ತಿದ್ದವರೂ ಮುಸೊಲಿನಿಯ ಹಿಂದೆ ನಿಂತರು.

ಅತ್ತ ರಣರಂಗದಲ್ಲಿ ಇಟಲಿಯ ವಿಮಾನಗಳು ಮಸ್ಟರ್ಡ್ ಅನಿಲ ಸುರಿಸುತ್ತಿದ್ದವು. ಈ ಅನಿಲವನ್ನು ಬಳಸುವುದಿಲ್ಲ ಎಂದು 1925ರ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಇಟಲಿಯೂ ಒಂದು. ಬರಿಗಾಲಲ್ಲಿ ನಡೆಯುವ ಸೈನಿಕರು, ಹಳ್ಳಿಗರು, ದನಕರು ಎಲ್ಲವೂ ಸುಟ್ಟುಹೋದವು. ರೆಡ್ ಕ್ರಾಸ್ ಆಸ್ಪತ್ರೆಗಳ ಮೇಲೂ ಬಾಂಬು ಬಿದ್ದವು. 1936ರ ಮೇ 5ರಂದು ರಾಜಧಾನಿ ಅಡಿಸ್ ಅಬಾಬಾ ಇಟಲಿಯ ವಶವಾಯಿತು. ಚಕ್ರವರ್ತಿ ಹೈಲೆ ಸೆಲಾಸಿ ಮೂರು ದಿನ ಮೊದಲೇ ರೈಲು ಹತ್ತಿ ದೇಶ ಬಿಟ್ಟಿದ್ದ.

ಜೂನ್ 30ರಂದು ಅವನು ಜಿನೀವಾದ ಸಭೆಯಲ್ಲಿ ಎದ್ದು ನಿಂತ. ಗಡ್ಡ ಬಿಟ್ಟ ಸಣ್ಣ ದೇಹದ ಮನುಷ್ಯ. ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸೀಟಿ ಹೊಡೆದು ಗದ್ದಲ ಎಬ್ಬಿಸಿದರು. ಅವರನ್ನು ಹೊರಗೆ ಹಾಕುವವರೆಗೆ ಅವನು ಸುಮ್ಮನೆ ಕಾದ. ಆಮೇಲೆ ತನ್ನ ಅಮ್ಹಾರಿಕ್ ಭಾಷೆಯಲ್ಲಿ ಮಾತಾಡಿದ. ವಿಮಾನದಿಂದ ಮಳೆಯಂತೆ ಸುರಿದ ವಿಷದ ಬಗ್ಗೆ ಹೇಳಿದ. ನನ್ನ ಜನಕ್ಕೆ ನಾನು ಯಾವ ಉತ್ತರ ಕೊಂಡೊಯ್ಯಲಿ ಎಂದು ಕೇಳಿದ. ಎರಡು ವಾರದಲ್ಲಿ ಉತ್ತರ ಸಿಕ್ಕಿತು: ಇಟಲಿಯ ಮೇಲಿನ ನಿರ್ಬಂಧ ತೆಗೆದರು.

ಅದೇ ವರ್ಷದ ಮಾರ್ಚ್‌ನಲ್ಲಿ ನೆಹರೂ ಹೆಂಡತಿ ಕಮಲಾರನ್ನು ಸ್ವಿಟ್ಜರ್‌ಲೆಂಡಿನಲ್ಲಿ ಕಳೆದುಕೊಂಡು ರೋಮ್ ಮಾರ್ಗವಾಗಿ ಭಾರತಕ್ಕೆ ಮರಳುತ್ತಿದ್ದರು. ಮುಸೊಲಿನಿ ಭೇಟಿಗೆ ಕರೆದ. ನೆಹರೂ ಹೋಗಲಿಲ್ಲ. ಅಬಿಸೀನಿಯಾ ಉರಿಯುತ್ತಿರುವಾಗ ಆ ಭೇಟಿಯನ್ನು ಪ್ರಚಾರಕ್ಕೆ ಬಳಸಿಕೊಳ್ಳುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ನೋಡುತ್ತಿದ್ದ ಇನ್ನೊಬ್ಬ

ಈ ಗಲಾಟೆಯನ್ನು ಬರ್ಲಿನ್‌ನಿಂದ ಹಿಟ್ಲರ್ ಗಮನಿಸುತ್ತಿದ್ದ. ಎಲ್ಲರ ಕಣ್ಣು ಆಫ್ರಿಕಾದ ಮೇಲಿದ್ದಾಗಲೇ, 1936ರ ಮಾರ್ಚ್ 7ರಂದು, ಸೇನೆ ಇಡಬಾರದೆಂದು ಒಪ್ಪಂದವಿದ್ದ, ಫ್ರಾನ್ಸ್ ಗಡಿಯ ಜರ್ಮನ್ ಪ್ರದೇಶ ರೈನ್‌ಲ್ಯಾಂಡಿಗೆ ತನ್ನ ಸೇನೆ ಕಳಿಸಿದ. ಫ್ರಾನ್ಸ್ ತಿರುಗಿಬಿದ್ದಿದ್ದರೆ ಆ ಸೇನೆ ಹಿಂದೆ ಸರಿಯಬೇಕಿತ್ತು. ಫ್ರಾನ್ಸ್ ಬ್ರಿಟನ್ನಿನ ಮುಖ ನೋಡಿತು, ಬ್ರಿಟನ್ ಬೇರೆ ಕಡೆ ನೋಡಿತು. ಅಬಿಸೀನಿಯಾದ ತೈಲದ ಚರ್ಚೆಯೂ ಅಲ್ಲಿಗೆ ಸತ್ತಿತು.

ಮುಸೊಲಿನಿಯನ್ನಾದರೂ ಉಳಿಸಿಕೊಂಡರೇ? ಅದೂ ಇಲ್ಲ. ಆ ವರ್ಷದ ಕೊನೆಗೆ ರೋಮ್ ಮತ್ತು ಬರ್ಲಿನ್ ಒಂದಾದವು. 1937ರಲ್ಲಿ ಇಟಲಿ ರಾಷ್ಟ್ರಸಂಘ ಬಿಟ್ಟಿತು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಗಡಿಗೆ ಸೇನೆ ಕಳಿಸಲು ಈ ಸಲ ಯಾರೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ನಾಲ್ವರು ಕೂತು ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಅವನಿಗೆ ಬರೆದುಕೊಟ್ಟರು. ಜೆಕ್ ಪ್ರತಿನಿಧಿಗಳಿಗೆ ಆ ಮೇಜಿನಲ್ಲಿ ಜಾಗ ಇರಲಿಲ್ಲ, ರಾಷ್ಟ್ರಸಂಘವನ್ನಂತೂ ಯಾರೂ ಕೇಳಲೇ ಇಲ್ಲ. ಅಲ್ಲಿ ಮುಸೊಲಿನಿ ಹಿಟ್ಲರನಿಗೆ ಹೇಳಿದ ಒಂದು ಮಾತನ್ನು ದುಭಾಷಿ ದಾಖಲಿಸಿದ್ದಾನೆ. ನಿರ್ಬಂಧದ ಪಟ್ಟಿಗೆ ತೈಲ ಸೇರಿಸಿದ್ದರೆ ಒಂದು ವಾರದಲ್ಲಿ ನಾನು ಅಬಿಸೀನಿಯಾದಿಂದ ಹೊರಡಬೇಕಾಗುತ್ತಿತ್ತು ಎಂದನಂತೆ. ಜಂಬದ ಮನುಷ್ಯ, ಅವನ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು. ಆದರೂ ಜಂಬದವನು ತನ್ನ ಸೋಲಿನ ಲೆಕ್ಕ ಹೇಳುವುದು ಅಪರೂಪ. ಅದೇ ನವೆಂಬರ್‌ನಲ್ಲಿ ಬ್ರಿಟನ್, ಇಟಲಿಯ ರಾಜನೇ ಇಥಿಯೋಪಿಯಾದ ಚಕ್ರವರ್ತಿ ಎಂದು ಒಪ್ಪಿಕೊಂಡಿತು.

1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿಯಾಯಿತು, ಎರಡನೇ ಮಹಾಯುದ್ಧ ಶುರುವಾಯಿತು. 1940ರ ಜೂನ್ 10ರಂದು ಮುಸೊಲಿನಿಯೂ ಬ್ರಿಟನ್ ಮೇಲೆ ಯುದ್ಧ ಸಾರಿದ. ಅಂದಿನಿಂದ ಇಟಲಿಯ ಹಡಗುಗಳಿಗೆ ಸೂಯೆಜ್ ಮುಚ್ಚಿತು. 1888ರ ಒಪ್ಪಂದ ಅಡ್ಡಿಯಾಗಲಿಲ್ಲ. ಪೂರ್ವ ಆಫ್ರಿಕಾದಲ್ಲಿದ್ದ ಇಟಲಿಯ ಸೇನೆಗೆ ತಾಯ್ನಾಡಿನ ದಾರಿ ತಪ್ಪಿತು, ಪೆಟ್ರೋಲಿಗೂ ಟೈರಿಗೂ ಬರ ಬಂತು. 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ನಡೆದ ದೊಡ್ಡ ಕಾಳಗದಲ್ಲಿ ಅದನ್ನು ಸೋಲಿಸಿದ ಪಡೆಯಲ್ಲಿ ಭಾರತದ ಸೈನಿಕರೇ ಬಹಳ ಮಂದಿ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ನಮ್ಮ ಬೆಂಗಳೂರಿನ ಶಿಬಿರಗಳಿಗೂ ಬಂದರು. ಬ್ರಿಟಿಷರ ನೆರವಿನಿಂದಲೇ ಹೈಲೆ ಸೆಲಾಸಿ ಅಡಿಸ್ ಅಬಾಬಾಕ್ಕೆ ಮರಳಿದ. ಅವತ್ತು 1941ರ ಮೇ 5. ಇಟಲಿಯವರು ಆ ಊರಿಗೆ ಕಾಲಿಟ್ಟು ಸರಿಯಾಗಿ ಐದು ವರ್ಷ ಆಗಿತ್ತು.